ಯಾವ ಲೆನ್ಸ್ ಕೊಳ್ಳಲಿ ಎಂದು ಕೇಳಿದ ಗೆಳೆಯನಿಗೆ

ಪ್ರಿಯ ಗೆಳೆಯ,

ನಿನ್ನ ಪತ್ರ ಓದಿದೆ. ರಾತ್ರಿ ನಿದ್ದೆ ಹತ್ತುತ್ತಿಲ್ಲ, ಕಚೇರಿಯ ಚಿಂತೆ ಊಟದ ತಟ್ಟೆಯವರೆಗೂ ಬರುತ್ತಿದೆ, ಯಾವುದಾದರೂ ಹವ್ಯಾಸ ಬೆಳೆಸಿಕೊಳ್ಳಿ ಎಂದು ವೈದ್ಯರು ಹೇಳಿದ್ದಾರೆ, ನಾನು ತೆಗೆದ ಹಕ್ಕಿಗಳ ಚಿತ್ರ ನೋಡಿ ನಿನಗೂ ಆಸೆಯಾಗಿದೆ. ಇಷ್ಟು ಬರೆದು, ಕೊನೆಗೆ ಭಾರೀ ಬೆಲೆಯ ಲೆನ್ಸ್ ಒಂದರ ಜಾಹೀರಾತನ್ನೂ ಲಗತ್ತಿಸಿದ್ದೀಯ. ಕೊಳ್ಳಬೇಡ. ಈ ವರ್ಷವಂತೂ ಬೇಡ.

ಕ್ಯಾಮೆರಾ ಹಿಡಿದವರೆಲ್ಲ ಶಾಂತಮೂರ್ತಿಗಳು ಎಂದು ನೀನು ತಿಳಿದಿದ್ದರೆ, ರಜಾದಿನದ ಬೆಳಿಗ್ಗೆ ರಂಗನತಿಟ್ಟಿನಲ್ಲಿ ದೋಣಿ ಹತ್ತುವ ಜಾಗಕ್ಕೆ ಬಂದು ನಿಲ್ಲು. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿಗೆ ಬೆಲೆ ಕೊಟ್ಟು ಮೈಸೂರು ಸಂಸ್ಥಾನ 1940ರಲ್ಲೇ ಪಕ್ಷಿಧಾಮ ಮಾಡಿದ ಜಾಗ ಅದು. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದುಕೊಂಡು ಬಿಸಿಲು ಕಾಯುತ್ತಿರುತ್ತದೆ, ತಿಟ್ಟಿನ ಮರಗಳ ತುಂಬ ಕೊಕ್ಕರೆಗಳು. ದೋಣಿಯೊಳಗೆ ಮಾತ್ರ ನೆಮ್ಮದಿಯಿಲ್ಲ. ಮುಂದಿನ ಸೀಟಿಗಾಗಿ ಮುನಿಸು, ಇನ್ನಷ್ಟು ಹತ್ತಿರ ಒಯ್ಯಿ ಎಂದು ಅಂಬಿಗನ ಮೇಲೆ ಒತ್ತಡ, ಪಕ್ಕದವನ ಲೆನ್ಸಿನ ಉದ್ದದ ಮೇಲೆ ಕಣ್ಣು. ಹಕ್ಕಿ ಹಾರಿದೊಡನೆ ಕ್ಯಾಮೆರಾಗಳು ಒಟ್ಟಿಗೆ ಕಟಕಟ ಎನ್ನುತ್ತವೆ, ಮರುಕ್ಷಣ ಎಲ್ಲರ ತಲೆಯೂ ಹಿಂಬದಿಯ ಪರದೆಗೆ ಬಾಗುತ್ತದೆ. ಹಕ್ಕಿ ಎತ್ತ ಹೋಯಿತು ಎಂದು ಕೇಳಿದರೆ ಅಂಬಿಗನೊಬ್ಬನೇ ಹೇಳಬಲ್ಲ. ಸಂಜೆ ಮೊಬೈಲ್ ತೆರೆದರೆ ಬೇರೊಬ್ಬನ ಚಿತ್ರ ಇನ್ನೂ ಚೆನ್ನಾಗಿರುತ್ತದೆ, ಅಲ್ಲಿಗೆ ಆ ರಾತ್ರಿಯ ನಿದ್ದೆಯೂ ಹೋಯಿತು. ನಿನಗೆ ಕಚೇರಿಯಲ್ಲಿ ಸಿಗುತ್ತಿರುವುದೂ ಇದೇ ತಾನೇ? ಅದಕ್ಕೆ ಸಾಲ ಮಾಡಿ ಲೆನ್ಸ್ ಬೇರೆ ಯಾಕೆ?

ಚಿತ್ರ ಸಿಗಲೇಬೇಕು ಎಂಬ ಹಟ ಸಡಿಲವಾಗುವವರೆಗೆ ಛಾಯಾಗ್ರಹಣದಿಂದ ನೆಮ್ಮದಿ ಸಿಗುವುದಿಲ್ಲ. ಆ ಹಟ ಸಡಿಲವಾಗಬೇಕಾದರೆ ಅಪರೂಪದ ಹಕ್ಕಿಯ ಬೆನ್ನು ಹತ್ತಬಾರದು. ಮನೆಗೆ ಹತ್ತಿರದ ಒಂದು ಕೆರೆ, ಯಾರೂ ತಿರುಗಿ ನೋಡದ ಒಂದು ಹಕ್ಕಿ ಸಾಕು.

ಕುಕ್ಕರಹಳ್ಳಿ ಕೆರೆ ನೆನಪಿದೆಯೇ? ಮಾನಸಗಂಗೋತ್ರಿಯಲ್ಲಿ ಓದುವಾಗ ಏರಿಯ ಮೇಲೆ ಕುಳಿತು ಕಡಲೆಕಾಯಿ ತಿಂದು, ನೌಕರಿಯ ಬಗ್ಗೆ ಹೆದರಿಕೊಂಡವರು ನಾವು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಊರಾಚೆಯ ಜಮೀನುಗಳಿಗೆ ನೀರಾಗಲೆಂದು ಕಟ್ಟಿಸಿದ ಕೆರೆ. ಕುವೆಂಪು ಅವರು ವಾಯುವಿಹಾರಕ್ಕೆ ಬರುತ್ತಿದ್ದ ಕೆರೆ. ಆ ವಯಸ್ಸಿನಲ್ಲಿ ನಾವು ಅಲ್ಲಿ ಒಂದು ಹಕ್ಕಿಯನ್ನಾದರೂ ಗುರುತಿಸಿದ ನೆನಪು ನನಗಿಲ್ಲ. ನಡುಗಡ್ಡೆಯ ಮರಗಳ ಮೇಲೆ ಹೆಜ್ಜಾರ್ಲೆಗಳು (ಪೆಲಿಕನ್) ಕುಳಿತಿರುತ್ತವೆ, ನೀರುಕಾಗೆಗಳು ಮುಳುಗಿ ಏಳುತ್ತವೆ, ಹಾವಕ್ಕಿ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ. ಇವುಗಳನ್ನೆಲ್ಲ ಬಿಟ್ಟು ನಾನು ಒಂದು ಚಳಿಗಾಲವನ್ನು ಬಹುಮಟ್ಟಿಗೆ ಕೊಳದ ಬಕಕ್ಕೇ ಕೊಟ್ಟೆ.

ಮಂಡ್ಯದ ಯಾವ ಗದ್ದೆಯ ಬದುವಿನಲ್ಲೂ, ಯಾವ ನಾಲೆಯ ಅಂಚಿನಲ್ಲೂ ನಿಂತಿರುವ ಹಕ್ಕಿ ಇದು. ನಿಂತಾಗ ಒಣಜೊಂಡಿನ ಬಣ್ಣ, ಕೊರಳಿನುದ್ದಕ್ಕೂ ಕಂದು ಗೆರೆ. ಹತ್ತಿರ ಹೋಗುವವರೆಗೂ ಅಲ್ಲಿ ಜೀವವೊಂದಿದೆ ಎಂದೇ ತಿಳಿಯುವುದಿಲ್ಲ. ಹಾರಿದರೆ ಅಚ್ಚ ಬಿಳಿ ರೆಕ್ಕೆ. ಕತ್ತನ್ನು ಭುಜದೊಳಗೆ ಹುದುಗಿಸಿಕೊಂಡು ನಿಂತಿತೆಂದರೆ ನಿಂತಿತು. ಮೊದಮೊದಲು ನನಗೆ ಏನೂ ಕಾಣುತ್ತಿರಲಿಲ್ಲ. ಮನೆಯ ಕಂತು, ಮೇಲಧಿಕಾರಿಯ ಮಾತು, ತಮ್ಮನ ಜೊತೆಗಿನ ಹಳೆಯ ವ್ಯಾಜ್ಯ, ಎಲ್ಲವೂ ಸರದಿಯಲ್ಲಿ ಬಂದು ಮಾತನಾಡಿಸಿ ಹೋಗುತ್ತಿದ್ದವು. ಆಮೇಲೆ ಒಂದು ಸಂಗತಿ ಹಿಡಿತಕ್ಕೆ ಸಿಕ್ಕಿತು. ಕುಕ್ಕುವ ಮುನ್ನ ಅದರ ಕತ್ತು ಉದ್ದವಾಗುತ್ತದೆ. ನೋಡುತ್ತಲೇ ಇದ್ದರೂ ಯಾವಾಗ ಶುರುವಾಯಿತು ಎಂದು ಹೇಳಲಾಗದಷ್ಟು ನಿಧಾನ. ಒಂದು ಕಾಲು ನೀರಿನಿಂದ ಮೇಲೇಳುತ್ತದೆ, ಹನಿ ತೊಟ್ಟಿಕ್ಕುತ್ತದೆ, ಮತ್ತೆ ಕೆಳಗಿಳಿಯುತ್ತದೆ. ಆಮೇಲೆ ಒಂದೇ ಏಟು. ಬಹಳ ಸಲ ಗುರಿ ತಪ್ಪುತ್ತದೆ. ತಪ್ಪಿದ್ದಕ್ಕೆ ಹಕ್ಕಿ ಪೇಚಾಡುವುದಿಲ್ಲ, ಕತ್ತನ್ನು ಒಳಗೆಳೆದುಕೊಂಡು ಮೊದಲಿನಂತೆ ನಿಲ್ಲುತ್ತದೆ. ಬೇಸಿಗೆ ಬಲಿಯುವ ಹೊತ್ತಿಗೆ ಅದೇ ಮಾಸಲು ಬೆನ್ನಿನ ಮೇಲೆ ಕಡುಗೆಂಪು ಗರಿಗಳು ಮೂಡುತ್ತವೆ, ಸಂತಾನದ ಕಾಲಕ್ಕೆ ಉಟ್ಟ ಹೊಸ ಸೀರೆ!

ಆ ಕತ್ತು ಯಾವಾಗ ನೀಳವಾಗುತ್ತದೆ ಎಂದು ಕಾಯುವಾಗ ತಮ್ಮನ ವ್ಯಾಜ್ಯಕ್ಕೆ ತಲೆಯಲ್ಲಿ ಜಾಗ ಇರುವುದಿಲ್ಲ. ಕಣ್ಣು ಮುಚ್ಚಿ ಕುಳಿತು ಮನಸ್ಸನ್ನು ಬರಿದು ಮಾಡಿಕೋ ಎಂದರೆ ನನ್ನಿಂದ ಆಗದು. ಮುಚ್ಚಿದ ಕಣ್ಣಿನೊಳಗೇ ಎಲ್ಲ ಜಗಳಗಳೂ ನಡೆಯುತ್ತವೆ. ನನ್ನಂಥವರು ಕಣ್ಣು ತೆರೆದುಕೊಂಡು ಕೂರುವುದೇ ಮೇಲು.

ಮಿಷಿಗನ್ ವಿಶ್ವವಿದ್ಯಾಲಯದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ ಇದನ್ನೇ ಮನಶ್ಶಾಸ್ತ್ರದ ಭಾಷೆಯಲ್ಲಿ ಹೇಳಿದ್ದರು. ಬಲವಂತವಾಗಿ ಒಂದು ಕೆಲಸಕ್ಕೆ ಹಚ್ಚಿದ ಗಮನ ದಣಿಯುತ್ತದೆ. ಎಲೆ, ಮೋಡ, ನೀರಿನಂಥವು ಒತ್ತಾಯವಿಲ್ಲದೆ ನಮ್ಮನ್ನು ಹಿಡಿದಿಡುವುದರಿಂದ ಆ ದಣಿದ ಗಮನಕ್ಕೆ ಬಿಡುವು ಸಿಗುತ್ತದೆ ಎಂಬುದು ಅವರ ವಾದ. ಆದರೆ ಕ್ಯಾಮೆರಾ ಕೈಗೆ ಬಂದೊಡನೆ ಬಲವಂತವೂ ಹಿಂದಿರುಗುತ್ತದಲ್ಲ? ಲಿಂಡಾ ಹೆಂಕೆಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 2014ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ವಸ್ತುಸಂಗ್ರಹಾಲಯದಲ್ಲಿ ಸುಮ್ಮನೆ ನೋಡಿದ ವಸ್ತುಗಳಿಗಿಂತ ಫೋಟೊ ತೆಗೆದ ವಸ್ತುಗಳು ಜನರಿಗೆ ಕಡಿಮೆ ನೆನಪಿದ್ದವು. ಆದರೆ ವಸ್ತುವಿನ ಯಾವುದಾದರೊಂದು ಭಾಗವನ್ನಷ್ಟೇ ಹತ್ತಿರಕ್ಕೆ ತಂದುಕೊಂಡು ತೆಗೆದಾಗ ಆ ನಷ್ಟ ಕಾಣಲಿಲ್ಲ. ನನಗೆ ಇದು ಸುಲಭವಾಗಿ ಒಪ್ಪಿಗೆಯಾಯಿತು. ಇವತ್ತು ಬಕದ ಕತ್ತು ಮಾತ್ರ, ನಾಳೆ ಅದರ ಕಾಲಿನ ಸುತ್ತ ಹರಡುವ ಅಲೆ ಮಾತ್ರ ಎಂದುಕೊಂಡು ಹೋದ ಬೆಳಗುಗಳು ಇಂದಿಗೂ ಮನಸ್ಸಿನಲ್ಲಿ ಹಸಿಯಾಗಿವೆ.

ನಿನ್ನ ಬಳಿ ಮಗಳ ನಾಮಕರಣಕ್ಕೆಂದು ಕೊಂಡ ಹಳೆಯ ಕ್ಯಾಮೆರಾ ಇದೆಯಲ್ಲ, ಅದೇ ಸಾಕು. ಒಂದು ಒತ್ತಿಗೆ ಒಂದೇ ಚಿತ್ರ ಬರುವಂತೆ ಹೊಂದಿಸಿಕೋ. ಹಿಂಬದಿಯ ಪರದೆಯ ಮೇಲೆ ಕಾಗದ ಅಂಟಿಸು. ಫಿಲ್ಮ್ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ, ಅವೂ ತೊಳೆದು ಬರುವವರೆಗೆ ಕಾಣುತ್ತಿರಲಿಲ್ಲ. ಆ ಬಿಗಿಯಲ್ಲಿ ಒಂದು ಸುಖವಿತ್ತು. ಮಾಗಿಯ ಬೆಳಿಗ್ಗೆ ಬೆಳಕು ಕಡಿಮೆ, ಶಟರ್ ವೇಗ 1/125 ಸೆಕೆಂಡಿಗಿಂತ ಹೆಚ್ಚಿಸಲಾಗದ ಹೊತ್ತಿನಲ್ಲಿ ನಿನ್ನ ಎದೆಯ ಏರಿಳಿತವೇ ಚಿತ್ರವನ್ನು ಅಲುಗಿಸುತ್ತದೆ. ಉಸಿರನ್ನು ಪೂರ್ತಿ ಬಿಟ್ಟು, ಮತ್ತೆ ಎಳೆದುಕೊಳ್ಳುವ ಮುಂಚಿನ ಆ ಸಣ್ಣ ಬಿಡುವಿನಲ್ಲಿ ಗುಂಡಿಯನ್ನು ಒತ್ತಬೇಕು. ಹೀಗೆ ಯಾವ ಗುರುವೂ ಇಲ್ಲದೆ ಉಸಿರಿನ ಮೇಲೆ ನಿಗಾ ಬರುತ್ತದೆ. ಅರ್ಧ ಹೊತ್ತಾದರೂ ಕ್ಯಾಮೆರಾ ಮಡಿಲಲ್ಲೇ ಇರಲಿ. ತೆಗೆದ ಚಿತ್ರವನ್ನು ಅಂದೇ ಯಾರಿಗೂ ಕಳುಹಿಸಬೇಡ, ನನಗೂ ಬೇಡ.

ಸಹನೆಗೆ ದೊಡ್ಡ ಉದಾಹರಣೆಗಳು ನಮ್ಮಲ್ಲೇ ಇವೆ. ತೇಜಸ್ವಿಯವರು ಮೂಡಿಗೆರೆಯಲ್ಲಿ ತೋಟದ ಸುತ್ತಲಿನ ಹಕ್ಕಿಗಳಿಗಾಗಿ ಕಾದರು, ನಮ್ಮ ಮೈಸೂರಿನ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿ ಕಾಡುನಾಯಿಗಳ ಹಿಂದೆ ವರ್ಷಗಟ್ಟಲೆ ಕಳೆದರು.

ಒಂದು ವಿಷಯದಲ್ಲಿ ಮಾತ್ರ ನಾನು ಕಟುವಾಗಿಯೇ ಹೇಳುತ್ತೇನೆ. ಗೂಡಿನ ಹತ್ತಿರ ಹೋಗಬೇಡ. ಬಣ್ಣದ ಕೊಕ್ಕರೆ ಉರಿಬಿಸಿಲಿನಲ್ಲಿ ರೆಕ್ಕೆ ಬಿಡಿಸಿ ಮರಿಗಳಿಗೆ ನೆರಳಾಗಿ ನಿಂತಿರುತ್ತದೆ. ಅದನ್ನು ಎಬ್ಬಿಸಿದರೆ ಮರಿಗಳಿಗೆ ಬಿಸಿಲು ಬಡಿಯುತ್ತದೆ, ಕಾಗೆಗಳೂ ಅದನ್ನೇ ಕಾಯುತ್ತಿರುತ್ತವೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಹತ್ತಿರ ಕರೆಯುವವರೂ ಇದ್ದಾರೆ. ನೆಲೆಗೆ ಶತ್ರು ಬಂದಿತೆಂದು ಆ ಹಕ್ಕಿ ಗೂಡು, ಮೇವು ಬಿಟ್ಟು ಹುಡುಕಾಡುತ್ತದೆ. ಇನ್ನೊಂದು ಜೀವದ ನೆಮ್ಮದಿ ಕಿತ್ತು ನಮ್ಮ ನೆಮ್ಮದಿ ಕಟ್ಟಿಕೊಳ್ಳುವುದು ನನಗೆ ಅಸಹ್ಯ.

ಹಕ್ಕಿಗಳನ್ನು ಹತ್ತಿರದಿಂದ ನೋಡುವ ಆಸೆಯಿದ್ದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಕರೆದೊಯ್ಯುತ್ತೇನೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು ಎನ್ನುತ್ತಾರೆ ಊರಿನವರು. ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲೆಂದು ಊರ ಯುವಕರ ಹೆಜ್ಜಾರ್ಲೆ ಬಳಗವೇ ಇದೆ. ವಾಸನೆ ಜೋರು, ಮೊದಲೇ ಹೇಳಿರುತ್ತೇನೆ. ನೆತ್ತಿಯ ಮೇಲೆ ಹೆಜ್ಜಾರ್ಲೆ ರೆಕ್ಕೆ ಬಡಿಯುತ್ತಿದ್ದರೂ ಜಗಲಿಯ ಅಜ್ಜಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸುವುದಿಲ್ಲ. ಅಲ್ಲಿ ಕ್ಯಾಮೆರಾ ಹೊತ್ತು ಓಡಾಡುವ ನಾವೇ ವಿಚಿತ್ರ ಪ್ರಾಣಿಗಳು.

ಇದರಿಂದ ನಿನ್ನ ನಿದ್ದೆ ಮರಳಿ ಬಂದೇ ಬರುತ್ತದೆ ಎಂದು ನಾನು ಮಾತು ಕೊಡಲಾರೆ. ವೈದ್ಯರು ಕೊಟ್ಟ ಮಾತ್ರೆಯನ್ನು ನೀನಾಗಿಯೇ ನಿಲ್ಲಿಸಬೇಡ. ಹೋದ ಸಿಟ್ಟಿನಲ್ಲೇ ಕೆರೆಯಿಂದ ವಾಪಸು ಬರುವ ದಿನಗಳು ನನಗೂ ಇವೆ. ಬೆಂಗಳೂರಿನಲ್ಲೂ ನಿನ್ನ ಮನೆಯ ಹತ್ತಿರ ಕೆರೆಯೊಂದು ಉಳಿದಿರಬೇಕು, ಹುಡುಕಿಕೋ.

ಸಂಕ್ರಾಂತಿ ಕಳೆದ ಮೇಲಿನ ವಾರಾಂತ್ಯಕ್ಕೆ ಬಾ. ಶುಕ್ರವಾರ ರಾತ್ರಿಯ ರೈಲಿಗೆ ಬಂದರೆ ಶನಿವಾರ ನಸುಕಿಗೇ ಕೆರೆಯ ಏರಿಗೆ ಹೋಗಬಹುದು, ಭಾನುವಾರ ಬೆಳ್ಳೂರು. ಬಿಳಿ ಅಂಗಿ ಬೇಡ, ಸ್ವೆಟರ್ ಮರೆಯಬೇಡ. ನಿನ್ನ ಮನೆಯವರನ್ನೂ ಕರೆದುಕೊಂಡು ಬಾ. ಅವರಿಗೆ ಹಕ್ಕಿಗಳು ಬೇಸರವೆನಿಸಿದರೆ ನನ್ನವಳು ದೇವರಾಜ ಮಾರುಕಟ್ಟೆಗೆ ಕರೆದೊಯ್ಯುತ್ತಾಳಂತೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಅವರ ಕೈಯ ಎಳ್ಳುಬೆಲ್ಲ ಒಂದು ಡಬ್ಬಿ ತರದಿದ್ದರೆ ಮನೆಯೊಳಗೆ ಬಿಡುವುದಿಲ್ಲ.

ಇಂತಿ ನಿನ್ನ,
ಮೈಸೂರಿನ ಗೆಳೆಯ