ಬ್ಯಾಟರಿ ಕಾರು ನಿಂತರೆ ಮೊದಲು ಮೀಟರ್ ಹಿಡಿಯಿರಿ

ಮಾನ್ಯ ಸಂಪಾದಕರೇ,

ಹಂಪಿಯ ವಿಜಯವಿಠ್ಠಲ ದೇಗುಲಕ್ಕೆ, ಮೈಸೂರು ಮೃಗಾಲಯದೊಳಗೆ ಜನರನ್ನು ಕರೆದೊಯ್ಯುವ ಬ್ಯಾಟರಿ ಕಾರುಗಳು ಮೂಲತಃ ಗಾಲ್ಫ್ ಮೈದಾನದ ಗಾಡಿಗಳ ಸಂತತಿ. ಈಗ ರೆಸಾರ್ಟ್, ಆಸ್ಪತ್ರೆ, ಕಾಲೇಜು ಆವರಣಗಳಿಗೂ ಇವು ಬಂದಿವೆ. ಇಂಥ ಗಾಡಿ ಎಲ್ಲಾದರೂ ಕೆಟ್ಟು ನಿಂತಿತೆಂದರೆ ಮೊದಲು ಬರುವ ಮಾತು ‘ಬ್ಯಾಟರಿ ಹೋಗಿದೆ’. ಹೊಸ ಸೆಟ್‌ಗೆ ಕಡತ ಹೊರಡುತ್ತದೆ, ಮಂಜೂರಾಗುವವರೆಗೆ ಗಾಡಿ ಶೆಡ್ಡಿನಲ್ಲಿ ದೂಳು ತಿನ್ನುತ್ತದೆ. ಹೊಸ ಬ್ಯಾಟರಿ ಹಾಕಿದ ಮೇಲೂ ಗಾಡಿ ಅಲುಗದೆ, ಕೊನೆಗೆ ಪೆಡಲ್ ಕೆಳಗಿನ ಸಣ್ಣ ಮೈಕ್ರೊ ಸ್ವಿಚ್ ಕೆಟ್ಟಿತ್ತೆಂದು ಗೊತ್ತಾಗುವುದು ಈ ಕಸುಬಿನಲ್ಲಿ ಹೊಸತಲ್ಲ. ಖರೀದಿ ಪತ್ರಕ್ಕೆ ಸಹಿ ಬೀಳುವ ಮುನ್ನ ಮಲ್ಟಿಮೀಟರ್ ಹಿಡಿದು ನೋಡುವುದು ಕಡ್ಡಾಯವಾಗಲಿ ಎಂಬುದು ನಮ್ಮ ಒತ್ತಾಯ.

ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ 48 ವೋಲ್ಟಿನ ಸೆಟ್ ಇರುತ್ತದೆ. 8 ವೋಲ್ಟಿನ ಆರು, 6 ವೋಲ್ಟಿನ ಎಂಟು ಇಲ್ಲವೇ 12 ವೋಲ್ಟಿನ ನಾಲ್ಕು ಬ್ಯಾಟರಿ ಸಾಲಾಗಿ ಜೋಡಿಸಿರುತ್ತಾರೆ. ದೊಡ್ಡ ಗಾಡಿಗಳಲ್ಲಿ 72 ವೋಲ್ಟೂ ಉಂಟು. ಇಲ್ಲಿ ಕೊಡುವ ಅಂಕಿಗಳು 8 ವೋಲ್ಟಿನ ಆರು ಲೆಡ್ ಆಸಿಡ್ ಬ್ಯಾಟರಿಗಳಿಗೆ ಸೇರಿದವು; ಲಿಥಿಯಂಗೆ ಈ ಲೆಕ್ಕ ಹೊಂದುವುದಿಲ್ಲ.

ಚಾರ್ಜರ್ ಕಿತ್ತ ಕೂಡಲೇ ಅಳೆದ ವೋಲ್ಟೇಜ್ ನಂಬಬೇಡಿ. ನಾಲ್ಕಾರು ಗಂಟೆ ಬಿಟ್ಟು ಅಳೆದಾಗ ಪೂರ್ತಿ ಸೆಟ್ 51ರ ಆಸುಪಾಸು ತೋರಿಸಬೇಕು. ‘48 ವೋಲ್ಟ್ ಗಾಡಿ, 48 ಬಂತಲ್ಲ’ ಎಂದು ಮೀಟರ್ ಒಳಗಿಡುವವರೇ ಹೆಚ್ಚು. ನಿಜಕ್ಕೂ 48 ಅಂದರೆ ಅರ್ಧಕ್ಕಿಂತ ಹೆಚ್ಚು ಖಾಲಿಯಾದ ಸೆಟ್. ಆಮೇಲೆ ಆರನ್ನೂ ಬೇರೆಬೇರೆಯಾಗಿ ಅಳೆಯಿರಿ. ಐದರಲ್ಲಿ 8.4, ಒಂದರಲ್ಲಿ ಮಾತ್ರ 6.3 ಬಂದರೆ ಅದರ ನಾಲ್ಕು ಸೆಲ್‌ಗಳ ಪೈಕಿ ಒಂದು ಸತ್ತಿದೆ ಎಂದೇ ಅರ್ಥ. ಎಲ್ಲವೂ ಸಮ ಬಂದರೆ ಜನರನ್ನು ಕೂರಿಸಿ ಏರಿನಲ್ಲಿ ಓಡಿಸುತ್ತಲೇ ನೋಡಬೇಕು. ಉಳಿದವಕ್ಕಿಂತ ಒಂದು ವೋಲ್ಟ್‌ನಷ್ಟು ಕೆಳಗೆ ಕುಸಿಯುವ ಬ್ಯಾಟರಿಯೇ ಕಳ್ಳ. ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ ಒಂದು ಸೆಲ್ ಮಿಕ್ಕವಕ್ಕಿಂತ 0.050 ಕಡಿಮೆ ಬಂದು, ಎಲ್ಲ ಸೆಲ್‌ಗಳನ್ನೂ ಸಮಕ್ಕೆ ತರುವ ಹೆಚ್ಚುವರಿ ಚಾರ್ಜ್ (ಈಕ್ವಲೈಸ್) ಕೊಟ್ಟರೂ ಮೇಲೇಳದಿದ್ದರೆ ಆಸೆ ಬಿಡಬಹುದು.

ಬ್ಯಾಟರಿ ಸರಿಯಿದ್ದೂ ಗಾಡಿ ಹೊರಡದಿದ್ದರೆ ಕೆಲಸ ಶುರುವಾಗುವುದೇ ಇಲ್ಲಿ. ಮುಂದಿನ ಚಕ್ರಕ್ಕೆ ಅಡೆ ಕೊಟ್ಟು, ಹಿಂದಿನ ಚಕ್ರಗಳನ್ನು ಜಾಕ್ ಹಾಕಿ ನೆಲದಿಂದ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಉಂಗುರ, ಕೈಗಡಿಯಾರ ತೆಗೆದಿಡಿ, ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಕೀ ಆನ್ ಮಾಡಿ, ಮುಂದಕ್ಕೆ ಹಾಕಿ, ಆಕ್ಸಿಲರೇಟರ್ ಒತ್ತಿ ಕಿವಿಗೊಡಿ. ಬ್ಯಾಟರಿಯ ಕರೆಂಟನ್ನು ಮೋಟಾರಿನ ಕಡೆಗೆ ಬಿಡುವ ದೊಡ್ಡ ಸ್ವಿಚ್ಚಾದ ಸೊಲೆನಾಯ್ಡ್ ‘ಟಕ್’ ಅನ್ನಬೇಕು.

ಸದ್ದೇ ಇಲ್ಲವೆಂದರೆ ಮೀಟರಿನ ಕಪ್ಪು ಕಡ್ಡಿಯನ್ನು ಸೆಟ್‌ನ ಮೈನಸ್‌ಗೆ ಇಟ್ಟು, ಕೆಂಪು ಕಡ್ಡಿಯನ್ನು ಫ್ಯೂಸ್, ಕೀ, ಹಿಂದೆ–ಮುಂದೆ ಸ್ವಿಚ್, ಪೆಡಲ್‌ನ ಮೈಕ್ರೊ ಸ್ವಿಚ್ ಹೀಗೆ ಒಂದೊಂದರ ಎರಡೂ ಬದಿಗೆ ಮುಟ್ಟಿಸುತ್ತ ಹೋಗಿ. ಒಂದು ಬದಿ ವೋಲ್ಟೇಜ್ ಇದ್ದು ಇನ್ನೊಂದು ಬದಿ ಮಾಯವಾದ ಕಡೆ ದೋಷವಿದೆ. ಪೈಪ್ ಹಿಡಿದು ಜೋರು ನೀರಿನಲ್ಲಿ ತೊಳೆಯುವ ಗಾಡಿಗಳಲ್ಲಿ ಮೊದಲು ಸಾಯುವುದೂ ಈ ಸ್ವಿಚ್‌ಗಳೇ. ಸೊಲೆನಾಯ್ಡ್‌ನ ಎರಡು ಸಣ್ಣ ಟರ್ಮಿನಲ್‌ಗಳ ನಡುವೆ ವೋಲ್ಟೇಜ್ ಬಂದೂ ಟಕ್ ಅನ್ನದಿದ್ದರೆ ಅದರೊಳಗಿನ ತಂತಿಸುರುಳಿ (ಕಾಯಿಲ್) ಸುಟ್ಟಿದೆ.

ಟಕ್ ಅಂದೂ ಗಾಡಿ ಹೊರಡದಿದ್ದರೆ ಪೆಡಲ್ ಒತ್ತಿಕೊಂಡೇ ಸೊಲೆನಾಯ್ಡ್‌ನ ಎರಡು ದೊಡ್ಡ ಟರ್ಮಿನಲ್‌ಗಳ ನಡುವೆ ಅಳೆಯಿರಿ. ಸೊನ್ನೆಯ ಹತ್ತಿರ ಬಂದರೆ ಸರಿ. ವೋಲ್ಟೇಜ್ ಹಾಗೇ ಉಳಿದಿದ್ದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟು ಕರಕಲಾಗಿದೆ. ಹೊಸದು ಹಾಕುವಾಗ ಕಾಯಿಲ್ ವೋಲ್ಟೇಜ್ ಅದೇ ಇರಲಿ, ಹಳೆಯದರ ಮೇಲಿದ್ದ ಡಯೋಡ್ ಮತ್ತು ರೆಸಿಸ್ಟರ್ ಮರೆಯದೆ ಕೂರಲಿ. ಡಯೋಡಿನ ಗೆರೆ ಇರುವ ತುದಿ ಕಾಯಿಲ್‌ನ ಪ್ಲಸ್ ಕಡೆಗೇ ಬರಬೇಕು, ತಿರುವುಮುರುವಾದರೆ ಶಾರ್ಟ್. ಆ ರೆಸಿಸ್ಟರ್, ಮೋಟಾರಿಗೆ ಎಷ್ಟು ಕರೆಂಟ್ ಬಿಡಬೇಕೆಂದು ನೋಡಿಕೊಳ್ಳುವ ಕಂಟ್ರೋಲರ್‌ನ ಕೆಪಾಸಿಟರ್‌ಗಳನ್ನು ಮೊದಲೇ ಮೆಲ್ಲಗೆ ತುಂಬಿಸಿಡುತ್ತದೆ. ಅದಿಲ್ಲದಿದ್ದರೆ ಪ್ರತಿ ‘ಟಕ್’ಗೂ ಒಳಗೆ ಕಿಡಿ ಹಾರಿ, ಕಾಂಟ್ಯಾಕ್ಟ್ ಒಂದು ದಿನ ಬೆಸೆದುಕೊಳ್ಳುತ್ತದೆ; ಆಗ ಕೀ ಆಫ್ ಮಾಡಿದರೂ ಕಂಟ್ರೋಲರ್‌ಗೆ ಕರೆಂಟ್ ನಿಲ್ಲುವುದಿಲ್ಲ. ಕಳಚುವ ಮುನ್ನ ಸೆಟ್‌ನ ಮೈನಸ್ ಕೇಬಲ್ ತೆಗೆದು ಸ್ವಲ್ಪ ಹೊತ್ತು ಬಿಡಿ, ಕೆಪಾಸಿಟರ್‌ನಲ್ಲಿ ಉಳಿದದ್ದೂ ಕೈ ಸುಡಬಲ್ಲದು.

ಗಾಡಿ ಜರ್ಕ್ ಹೊಡೆದರೆ ಅನುಮಾನ ಥ್ರಾಟಲ್ ಮೇಲೆ, ಅಂದರೆ ಪೆಡಲ್ ಎಷ್ಟು ಒತ್ತಿದೆ ಎಂದು ಕಂಟ್ರೋಲರ್‌ಗೆ ತಿಳಿಸುವ ಭಾಗದ ಮೇಲೆ ಬರಲಿ. ಪೆಡಲ್ ಮೆಲ್ಲಗೆ ಒತ್ತಿದಂತೆ ಮೀಟರಿನಲ್ಲಿ ಅದರ ಅಳತೆಯೂ ಮೆಲ್ಲಗೆ ಬದಲಾಗಬೇಕು, ನಡುವೆ ಹಾರಬಾರದು. ಮಧ್ಯಾಹ್ನದ ಬಿಸಿಲಲ್ಲಿ ನಿಧಾನವಾಗಿ, ತಣ್ಣಗಾದ ಮೇಲೆ ಸರಿಹೋಗುವ ಗಾಡಿಯಲ್ಲಿ ಕಂಟ್ರೋಲರ್ ಬಿಸಿಗೆ ತಾನೇ ಶಕ್ತಿ ತಗ್ಗಿಸುತ್ತಿರುತ್ತದೆ. ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ; ಬ್ರೇಕ್ ಹಿಡಿದುಕೊಂಡಿದ್ದರೆ ಮೋಟಾರಿಗೆ ವಿನಾಕಾರಣ ಹೊರೆ, ಬೈಗುಳ ಮಾತ್ರ ಬ್ಯಾಟರಿಗೆ.

ಒಂದು ಅಭ್ಯಾಸವಂತೂ ನಿಲ್ಲಲೇಬೇಕು: ಹಾರ್ನ್, ಲೈಟು, ಹಾಡಿಗೆಂದು ಸೆಟ್‌ನ ಒಂದೆರಡು ಬ್ಯಾಟರಿಯಿಂದ ಮಾತ್ರ ವೈರ್ ಎಳೆಯುವುದು. ಆ ಬ್ಯಾಟರಿಗಳು ದಿನವೂ ಉಳಿದವಕ್ಕಿಂತ ಹೆಚ್ಚು ಇಳಿಯುತ್ತವೆ. ಚಾರ್ಜರ್ ನೋಡುವುದು ಸೆಟ್‌ನ ಒಟ್ಟು ವೋಲ್ಟೇಜನ್ನಷ್ಟೇ. ಹಾಗಾಗಿ ಅವು ಎಂದೂ ಪೂರ್ತಿ ತುಂಬದೆ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಕಟ್ಟಿ ಹಾಳಾಗುತ್ತವೆ. 48ನ್ನು 12ಕ್ಕೆ ಇಳಿಸುವ ಕನ್ವರ್ಟರ್‌ನ ಬೆಲೆ ಒಂದು ಬ್ಯಾಟರಿಗಿಂತ ಬಹಳ ಕಡಿಮೆ.

ಚಾರ್ಜರ್ ಆನ್ ಆಗುತ್ತಿಲ್ಲವೆಂದು ಅದನ್ನೇ ಎಸೆಯುವವರೂ ಇದ್ದಾರೆ. ಸೆಟ್ ತೀರಾ ಬರಿದಾಗಿದ್ದರೆ ಎಷ್ಟೋ ಚಾರ್ಜರ್‌ಗಳು ಕೆಲಸ ಶುರು ಮಾಡುವುದೇ ಇಲ್ಲ. ಗಾಳಿಯಾಡುವ ಜಾಗದಲ್ಲಿ, ಬ್ಯಾಟರಿಯ ವೋಲ್ಟ್‌ಗೆ ಹೊಂದುವ ಚಾರ್ಜರ್‌ನಿಂದ ಒಂದೊಂದನ್ನೇ ಸ್ವಲ್ಪ ಎಬ್ಬಿಸಿದರೆ ಗಾಡಿಯ ಚಾರ್ಜರೂ ಎಚ್ಚೆತ್ತುಕೊಳ್ಳುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಬೇಕಾದದ್ದು ಚಾರ್ಜ್ ಆದ ಮೇಲೆ. ಪ್ಲೇಟ್ ಕಾಣುತ್ತಿದ್ದರೆ ಮಾತ್ರ ಮೊದಲು ಅದು ಮುಳುಗುವಷ್ಟು ಹಾಕಿ. ಲಗ್‌ಗಳಲ್ಲಿ (ಕೇಬಲ್ ತುದಿಯ ಲೋಹದ ಬಳೆಗಳಲ್ಲಿ) ಹಸಿರು, ಬಿಳಿ ಪುಡಿ ಕಂಡರೆ ಮುಚ್ಚಳ ಭದ್ರಪಡಿಸಿ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ವೈರ್ ಬ್ರಷ್‌ನಲ್ಲಿ ಉಜ್ಜಿ, ಬಿಗಿಮಾಡಿ ವ್ಯಾಸಲೀನ್ ಸವರಿ. ಸಡಿಲ ಲಗ್ ಏರಿನಲ್ಲಿ ಟರ್ಮಿನಲ್ಲನ್ನೇ ಕರಗಿಸಿಬಿಡುತ್ತದೆ.

ಗಾಡಿಗಳನ್ನು ನಡೆಸುವ ಸಂಸ್ಥೆಗಳು ನಿರ್ವಹಣೆಯ ಗುತ್ತಿಗೆ ಪತ್ರದಲ್ಲಿ ಇಷ್ಟನ್ನು ಸೇರಿಸಲಿ: ವಾರಕ್ಕೊಮ್ಮೆ ಪ್ರತಿ ಬ್ಯಾಟರಿಯ ವೋಲ್ಟೇಜ್ ರಿಜಿಸ್ಟರ್‌ನಲ್ಲಿ ಬರೆಯಬೇಕು, ಹೊಸ ಸೆಟ್ ಕೇಳುವ ಪತ್ರದ ಜೊತೆ ಹಳೆಯದನ್ನು ನಿಲ್ಲಿಸಿ ತೆಗೆದ ಅಳತೆ, ಏರಿನಲ್ಲಿ ಓಡಿಸಿ ತೆಗೆದ ಅಳತೆ ಎರಡೂ ಇರಬೇಕು, ಸೊಲೆನಾಯ್ಡ್ ಮತ್ತು ಸ್ವಿಚ್‌ಗಳನ್ನು ನೋಡಿದ್ದೇವೆಂದು ಮೆಕ್ಯಾನಿಕ್ ಸಹಿ ಹಾಕಿರಬೇಕು. ಇವಿಲ್ಲದ ಬಿಲ್ ಪಾಸಾಗಬಾರದು.

– ಬ್ಯಾಟರಿ ವಾಹನ ದುರಸ್ತಿ ಕೆಲಸದವರು, ಮೈಸೂರು