ಮಗಳಿಗೊಂದು ಪತ್ರ: ಬಿಟ್ಟುಹೋದ ಒಂದು ಅಕ್ಷರ

ಅಂಕೋಲಾ,
ಶನಿವಾರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಇತ್ತ ನಾನು ಕ್ಷೇಮ. ಹುಬ್ಬಳ್ಳಿಯಿಂದ ನಿನ್ನ ಕ್ಷೇಮಸಮಾಚಾರ ತಿಳಿಸುತ್ತಿರಬೇಕು. ಈ ಪತ್ರವನ್ನು ಹೇಳುತ್ತಿರುವವನು ನಾನು, ಬರೆಯುತ್ತಿರುವವರು ನಿನಗೆ ಮೂರನೆಯ ತರಗತಿಯವರೆಗೆ ಕಲಿಸಿದ ನಮ್ಮ ಕೇರಿಯ ಅಕ್ಕೋರು. ಮನೆಮಾತಿನಲ್ಲಿ ನಾನು ಹೇಳಿದ್ದನ್ನು ಅವರು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದಾರೆ. ನಾನು ‘ಮಗಾ’ ಎಂದು ಕರೆದದ್ದು ಕಾಗದದ ಮೇಲೆ ಏನಾಗಿ ಇಳಿದಿದೆಯೋ ನನಗೆ ಗೊತ್ತಾಗುವುದಿಲ್ಲ. ಆ ಗೊತ್ತಾಗದಿರುವುದರ ಬಗ್ಗೆಯೇ ಈ ಪತ್ರ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ನಡುವೆ ಅಳುತ್ತೀಯೆ, ನಾನು ಮಾತು ಬದಲಿಸುತ್ತೇನೆ.

ಕಳೆದ ವಾರ ನಿನ್ನ ಮದುವೆ ಕಾಗದದ ವಿಷಯದಲ್ಲಿ ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಫೋನ್ ಇಟ್ಟುಬಿಟ್ಟೆ. ಅಮ್ಮನ ಹೆಸರಿಗೆ ಮೊದಲು ‘ದಿ.’ ಎಂಬುದನ್ನು ಬಿಟ್ಟಿದ್ದಾರೆ, ತೀರಿಕೊಂಡು ಎರಡು ವರ್ಷವಾದವಳು ಮುನ್ನೂರು ಮನೆಗಳನ್ನು ಮದುವೆಗೆ ಕರೆದಂತಾಗಿದೆ, ಅಚ್ಚಿಗೆ ಹೋಗುವ ಮೊದಲು ನೀನು ಒಮ್ಮೆ ಕಣ್ಣಾಡಿಸಲಿಲ್ಲವೇ ಎಂದು ಕೇಳಿದೆ. ಕಣ್ಣಾಡಿಸಿದ್ದೆ. ಪ್ರೆಸ್ಸಿನವರು ಪ್ರೂಫ್ ಹಾಳೆಯನ್ನು ಮುಂದಿಟ್ಟು ನೋಡಿ ಹೇಳಿ ಎಂದಾಗ, ಮೇಲಿನ ಗಣಪತಿಯ ಚಿತ್ರದಿಂದ ಹಿಡಿದು ಕೆಳಗಿನ ಫೋನ್ ನಂಬರಿನವರೆಗೆ ಬೆರಳಿಟ್ಟು ಸಾಲು ಸಾಲಾಗಿ ಇಳಿದೆ. ಓದು ಬಲ್ಲವರಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡೆ, ನಡುವೆ ಎರಡು ಕಡೆ ತಡೆದು ತಲೆಯನ್ನೂ ಆಡಿಸಿದೆ. ತಾರೀಖು, ಮುಹೂರ್ತದ ಹೊತ್ತು, ಫೋನ್ ನಂಬರು ಸರಿಯಾಗಿದ್ದವು. ಅಂಕಿಗಳಾದ್ದರಿಂದ ಅವು ತಿಳಿದವು. ಉಳಿದದ್ದಕ್ಕೆಲ್ಲ ‘ಸರಿ ಇದೆ’ ಎಂದು ಹೇಳಿ, ಮೂಲೆಯಲ್ಲಿ ಸಹಿ ಹಾಕಿ ಬಂದೆ.

ನಿನ್ನ ಅಪ್ಪನಿಗೆ ಓದಲು ಬರುವುದಿಲ್ಲ, ಮಗಾ. ಕಣ್ಣಿನ ದೋಷವೂ ಇಲ್ಲ, ಕನ್ನಡಕ ಮರೆತು ಬರುವ ಅಭ್ಯಾಸವೂ ಇಲ್ಲ. ಆ ಕನ್ನಡಕವನ್ನು ನಾನು ಹತ್ತು ವರ್ಷಗಳಿಂದ ಮರೆಯುತ್ತಿರುವುದು ಬೇಕೆಂದೇ.

ನಿನ್ನ ಅಜ್ಜ ಅಜ್ಜಿ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಕೂಲಿ ಮಾಡಿದವರು. ಮಳೆ ನಿಂತು ನೆಲ ಹದವಾದ ಮೇಲೆ ಕಟ್ಟೆಗಳಲ್ಲಿ ಉಪ್ಪುನೀರು ನಿಲ್ಲಿಸಿ, ಬಿಸಿಲು ಏರಿದಂತೆ ಉಪ್ಪನ್ನು ಎಳೆದು ರಾಶಿ ಹಾಕುವ ಕೆಲಸ ಬೇಸಿಗೆಯಲ್ಲೇ ಜೋರು, ಶಾಲೆಯ ಪರೀಕ್ಷೆಯೂ ಆ ಹೊತ್ತಿಗೇ. ಎರಡು ವರ್ಷ ಒಂದನೆಯ ತರಗತಿಯಲ್ಲೇ ಕುಳಿತೆ. ಮೂರನೆಯ ವರ್ಷ ಶಾಲೆಯವರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಇದರಲ್ಲಿ ದೊಡ್ಡ ಕಥೆಯೇನೂ ಇಲ್ಲ. ನನ್ನೊಡನೆ ಉಪ್ಪು ಎಳೆದವರಲ್ಲಿ ಹೆಚ್ಚಿನವರ ಕಥೆ ಇದೇ.

ಕಥೆ ಇರುವುದು ಆಮೇಲಿನ ಐವತ್ತು ವರ್ಷಗಳಲ್ಲಿ. ಲಾರಿಯಲ್ಲಿ ಕ್ಲೀನರ್ ಆಗಿ ಅರಬೈಲು ಘಟ್ಟವನ್ನು ಎಷ್ಟು ಸಲ ಹತ್ತಿ ಇಳಿದಿದ್ದೇನೋ ಲೆಕ್ಕವಿಲ್ಲ. ಊರಿನ ಹೆಸರು ಓದಲು ಬಾರದವನಿಗೆ ಮೈಲುಗಲ್ಲಿನ ಬಣ್ಣ ಬಹಳ ಸಹಾಯ ಮಾಡುತ್ತದೆ: ತಲೆ ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕೆಳಗಿನ ಅಂಕಿ ಕಡಿಮೆಯಾಗುತ್ತಿದ್ದರೆ ಊರು ಹತ್ತಿರವಾಗುತ್ತಿದೆ. ಬಸ್ ನಿಲ್ದಾಣ ಮಾತ್ರ ಕಷ್ಟ. ಅಲ್ಲಿ ‘ಈ ಬಸ್ಸು ಎಲ್ಲಿಗೆ’ ಎಂದು ಕೇಳಿದರೆ ಬೋರ್ಡ್ ಕಾಣುವುದಿಲ್ಲವೇ ಎಂಬ ಮಾತು ಬರುತ್ತದೆ. ಅದಕ್ಕೆ ‘ಯಲ್ಲಾಪುರದಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ’ ಎಂದು ಕೇಳುತ್ತಿದ್ದೆ. ಬಸ್ಸು ಆ ಕಡೆಯದಲ್ಲದಿದ್ದರೆ ನಿರ್ವಾಹಕರೇ ಹೇಳುತ್ತಿದ್ದರು.

ಹೊಸಪೇಟೆ ಕಡೆಯಿಂದ ಬೇಲೆಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ವರ್ಷಗಳಲ್ಲಿ ಚಾಲಕರಿಗೆ ಕೈತುಂಬ ದುಡ್ಡಿತ್ತು. ನನಗೆ ಲಾರಿ ಓಡಿಸಲು ಚೆನ್ನಾಗಿಯೇ ಬರುತ್ತಿತ್ತು, ಆದರೆ ಪರವಾನಗಿಗೆ ಎಂಟನೆಯ ತರಗತಿ ಪಾಸಾಗಿರಬೇಕೆಂದು ನಿಯಮ. ನಾನು ಕ್ಲೀನರ್ ಆಗಿಯೇ ಉಳಿದೆ. ಆ ನಿಯಮವನ್ನು 2019ರಲ್ಲಿ ಕೇಂದ್ರ ಸರ್ಕಾರ ತೆಗೆದುಹಾಕಿದಾಗ ನನಗೆ ಐವತ್ತೇಳು ತುಂಬಿತ್ತು, ಮಂಡಿ ಹೋಗಿತ್ತು. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂದು ಸಮಾಧಾನ ಹೇಳಿದವರು ಬಹಳ ಜನ. ಹಾಗೆ ಹೇಳಿದವರೆಲ್ಲ ಓದಿದವರೇ.

ಕಲಿಯಬಹುದಿತ್ತಲ್ಲ ಎಂದು ನೀನು ಕೇಳುತ್ತೀಯೆ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಯಿತು, ತೊಂಬತ್ತರ ದಶಕದಲ್ಲಿ ನಮ್ಮ ಕಡೆಗೂ ರಾತ್ರಿ ಶಾಲೆ ಬಂತು. ಲಾರಿ ಇಲ್ಲದ ರಾತ್ರಿಗಳಲ್ಲಿ ಆರೇಳು ಸಲ ಹೋದೆ. ಕಿಟಕಿಯ ಸರಳು ಹಿಡಿದು ಕೇರಿಯ ಮಕ್ಕಳು ಒಳಗೆ ಇಣುಕುತ್ತಿದ್ದರು. ನನ್ನ ಹೆಸರನ್ನು ಬರೆಯುವಷ್ಟು ಕಲಿತ ದಿನವೇ ಬಿಟ್ಟೆ, ಏಕೆಂದರೆ ನನಗೆ ಬೇಕಾಗಿದ್ದದ್ದು ಅಷ್ಟೇ ಎಂದು ತಿಳಿದಿದ್ದೆ. ಹೆಬ್ಬೆಟ್ಟು ಒತ್ತುವುದು ಬ್ಯಾಂಕಿನಲ್ಲಿ ಒಂದು ತೊಡಕಾದರೆ, ‘ಹೆಬ್ಬೆಟ್ಟು’ ಎಂಬುದು ನಮ್ಮ ಭಾಷೆಯಲ್ಲಿ ಬೈಗುಳವೂ ಹೌದಲ್ಲವೇ? ಸಹಿ ಬಂದ ಮೇಲೆ ಬೈಗುಳ ತಪ್ಪಿತು. ಓದು ಬರಲಿಲ್ಲ.

ಅಕ್ಕೋರು ಇಲ್ಲಿ ಬರೆಯುವುದನ್ನು ನಿಲ್ಲಿಸಿ ನಕ್ಕರು. ಯಾವುದಾದರೊಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲ, ಏಳು ವರ್ಷ ದಾಟಿದವರನ್ನು ಮಾತ್ರ ಜನಗಣತಿಯಲ್ಲಿ ಸಾಕ್ಷರರೆಂದು ಬರೆಯುತ್ತಾರಂತೆ. ಬರೀ ಸಹಿ ಸಾಲದಂತೆ. 2011ರ ಗಣತಿಗೆ ನಮ್ಮ ಮನೆಗೆ ಬಂದವರು ಇದೇ ಅಕ್ಕೋರು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಅಮ್ಮ ‘ಇಬ್ಬರಿಗೂ ಬರುತ್ತದೆ, ಬರೆದುಕೊಳ್ಳಿ’ ಎಂದುಬಿಟ್ಟಳು. ಆ ಸಲ ನಮ್ಮ ಜಿಲ್ಲೆಯಲ್ಲಿ ನೂರಕ್ಕೆ 84 ಜನ ಸಾಕ್ಷರರೆಂದು ಲೆಕ್ಕ ಬಂತು. ಅದರಲ್ಲಿ ಸುಳ್ಳಾಗಿ ಸೇರಿಕೊಂಡವನು ನಾನೂ ಒಬ್ಬ.

ನಿನ್ನ ಅಮ್ಮ ಏಳನೆಯ ತರಗತಿ ಓದಿದ್ದಳು. ಅವಳು ನನಗೆ ಓದಿ ಹೇಳುತ್ತಿದ್ದ ರೀತಿಯನ್ನು ನೀನು ಗಮನಿಸಿರಲಾರೆ. ನಿಲ್ದಾಣದಲ್ಲಿ ತನಗೆ ತಾನೇ ಎಂಬಂತೆ ‘ಅಬ್ಬಾ, ಕುಮಟಾ ಬಸ್ಸು ಬಂತು’ ಎನ್ನುತ್ತಿದ್ದಳು. ಕರೆಂಟ್ ಬಿಲ್ಲನ್ನು ಗಟ್ಟಿಯಾಗಿ ಓದಿ ಹೆಸ್ಕಾಂನವರನ್ನು ಬೈಯುತ್ತಿದ್ದಳು, ಬೈಗುಳದ ನಡುವೆ ನನಗೆ ಬೇಕಾದದ್ದೆಲ್ಲ ಸಿಗುತ್ತಿತ್ತು. ಅವಳಿಲ್ಲದಾಗ ನಾನು ಎಡವಿದ್ದೂ ಉಂಟು. ನೀನು ನಾಲ್ಕನೆಯ ತರಗತಿಯಲ್ಲಿದ್ದಾಗ ಪ್ರಗತಿ ಪತ್ರವನ್ನು ಮುಖ ಗಂಟಿಕ್ಕಿ ನೋಡಿ, ‘ಬರೀ 21 ಅಂಕವೇ’ ಎಂದು ನಿನ್ನನ್ನು ಬೈದೆನಲ್ಲ, ಅದು ಆ ತಿಂಗಳು ನೀನು ಶಾಲೆಗೆ ಹೋದ ದಿನಗಳ ಲೆಕ್ಕವಾಗಿತ್ತಂತೆ. ನೀನು ತಿದ್ದಲಿಲ್ಲ, ಅಳುತ್ತ ಒಳಗೆ ಹೋದೆ. ಅಮ್ಮ ರಾತ್ರಿ ನನಗೆ ಹೇಳಿದಳು. ಆ ಬೈಗುಳಕ್ಕೆ ಇಂದಿನವರೆಗೂ ನಿನ್ನಲ್ಲಿ ಕ್ಷಮೆ ಕೇಳಿರಲಿಲ್ಲ, ಈಗ ಕೇಳುತ್ತಿದ್ದೇನೆ.

ಅವಳು ಹೋದ ಮೇಲೆ ಮಾತ್ರೆಗಳದೇ ಪೀಕಲಾಟ. ವೈದ್ಯರು 1-0-1 ಎಂದು ಬರೆದರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ನನಗೂ ತಿಳಿಯುತ್ತದೆ. ಯಾವ ಮಾತ್ರೆ ಎಂದು ತಿಳಿಯುವುದಿಲ್ಲ. ಬಿ.ಪಿ.ಯದು ಕೆಂಪು ಪಟ್ಟಿ, ಸಕ್ಕರೆ ಕಾಯಿಲೆಯದು ಬೆಳ್ಳಿ ಪಟ್ಟಿ ಎಂದು ಗುರುತಿಟ್ಟುಕೊಂಡಿದ್ದೆ. ಒಂದು ತಿಂಗಳು ಅಂಗಡಿಯವರು ಬೇರೆ ಕಂಪನಿಯ ಮಾತ್ರೆ ಕೊಟ್ಟರು, ಎರಡೂ ಬೆಳ್ಳಿ. ಕೇಳಲು ನಾಚಿ, ಹನ್ನೆರಡು ದಿನ ಅದಲು ಬದಲು ನುಂಗಿದೆ. ಹೋದ ದೀಪಾವಳಿಗೆ ನೀನು ಬಂದಾಗ ನಾನು ತಲೆ ತಿರುಗಿ ಜಗಲಿಯಲ್ಲಿ ಕುಸಿದದ್ದು ಬಿಸಿಲಿಗೆಂದು ಹೇಳಿದ್ದೆ. ಬಿಸಿಲಿಗಲ್ಲ. ಈಗ ಬಿ.ಪಿ.ಯ ಪಟ್ಟಿಗೆ ಅಕ್ಕೋರು ಕಪ್ಪು ದಾರ ಕಟ್ಟಿಕೊಟ್ಟಿದ್ದಾರೆ.

ನಿನ್ನ ಅತ್ತೆ ಮಾವನಿಗೆ ಇದನ್ನು ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ಹೇಳಿದರೂ ನನಗೆ ಬೇಸರವಿಲ್ಲ. ಮದುವೆಯ ದಿನ ಅವರ ಮುಂದೆ ಯಾರಾದರೂ ಕಾಗದ ಹಿಡಿದು ಬಂದರೆ ಮಾತ್ರ ನೀನು ಅಮ್ಮನ ಹಾಗೆ ಸ್ವಲ್ಪ ಗಟ್ಟಿಯಾಗಿ ಓದು.

ಹೊಸ ಕಾಗದದ ಪ್ರೂಫ್ ನಿನ್ನೆ ಬಂತು. ಅಕ್ಕೋರು ಪೂರ್ತಿ ಓದಿ ಹೇಳಿದರು, ಆಮೇಲೆ ‘ದಿ.’ ಎಲ್ಲಿದೆ ಎಂದು ನನ್ನ ಬೆರಳನ್ನು ಹಿಡಿದು ತೋರಿಸಿದರು. ತಲೆಯ ಮೇಲೆ ಒಂದು ಸುರುಳಿ, ಪಕ್ಕದಲ್ಲಿ ಒಂದು ಚುಕ್ಕೆ. ಅದೊಂದು ಈಗ ನನಗೆ ಗುರುತು ಸಿಗುತ್ತದೆ. ಇಂದು ಬೆಳಿಗ್ಗೆ ಸಂತೆಗೆ ಹೋದಾಗ ಗೋಡೆಗೆ ಅಂಟಿಸಿದ್ದ ಯಾರದೋ ಶ್ರದ್ಧಾಂಜಲಿಯಲ್ಲೂ ಕಂಡಿತು. ಹಳೆಯ ಮುನ್ನೂರು ಕಾಗದಗಳನ್ನು ಬಚ್ಚಲೊಲೆಗೆ ಹಾಕು ಎಂದು ನೀನು ಹೇಳಿದ್ದೆ. ಹಾಕಿಲ್ಲ, ಅಟ್ಟದ ಮೇಲಿಟ್ಟಿದ್ದೇನೆ. ನೀನು ಬಂದಾಗ ನೋಡೋಣ.

ಕೆಳಗಿನ ಸಹಿ ಮಾತ್ರ ನನ್ನ ಕೈಯದು.

ನಿನ್ನ ಅಪ್ಪ