ತಕಿಟ ತಕಿಟ ತಕಿಟ ತಕ

ಹೋದ ಭಾನುವಾರ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಒಂದು ದೇವರನಾಮಕ್ಕೆ ಮೃದಂಗ ನುಡಿಸಿದೆ. ಆರೇ ನಿಮಿಷ. ಆದಿತಾಳ, ಸುಮ್ನೆ ಸರ್ವಲಘು, ಕಸರತ್ತು ಏನೂ ಇಲ್ಲ. ಆದರೂ ಚಪ್ಪಾಳೆ ಜಾಸ್ತಿಯೇ ಬಿತ್ತು. 2025ರ ಜನವರಿಯಲ್ಲಿ ಬಲಗೈಗೆ ಲಕ್ವ ಹೊಡೆದಿದ್ದು ಅಲ್ಲಿದ್ದ ಅರ್ಧ ಜನಕ್ಕೆ ಗೊತ್ತಿತ್ತಲ್ಲ!

ಸರದಿ ಹಾಕಿಕೊಂಡು ಅನ್ನ ಸಾರಿನ ಡಬ್ಬಿ ತಂದವರಿಗೆ, ನನ್ನನ್ನು ಥೆರಪಿಗೆ ಕಾರಲ್ಲಿ ಕರೆದೊಯ್ದವರಿಗೆ ಎದುರಿಗೇ ಥ್ಯಾಂಕ್ಸ್ ಹೇಳಿದ್ದೇನೆ. ಹೆಂಡತಿಗೆ ಹೇಳಿದರೆ ಬೈತಾಳೆ. ವಿಮೆ ಕಂಪನಿಗೆ ಹೇಳೋಕೆ ಇನ್ನೂ ಮನಸ್ಸು ಬಂದಿಲ್ಲ. ಉಳಿದಿರೋದು ಅಮೆರಿಕದ ಒಂದು ರಾಕ್ ಬ್ಯಾಂಡು. ಅವರಿಗೆ ನಾನು ಯಾರು ಅಂತಲೂ ಗೊತ್ತಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಬ್ಯಾಂಡಿನ ಹೆಸರು ಗ್ರೇಟ್‌ಫುಲ್ ಡೆಡ್. ಕೃತಜ್ಞತೆ ಉಳ್ಳ ಸತ್ತವರು ಅಂತ ಅರ್ಥ. ಪಕ್ಕದ ಮನೆಯ ಅಜ್ಜ ಆ ಬ್ಯಾಂಡಿನ ಕ್ಯಾಸೆಟ್ಟುಗಳನ್ನು ಶೂ ಡಬ್ಬಿಯಲ್ಲಿ ತುಂಬಿ, ಹಳೇ ಪ್ಲೇಯರ್ ಸಮೇತ ತಂದುಕೊಟ್ಟಾಗ ಹೆಂಡತಿ ಲೇಬಲ್ ಓದಿ, "ಆಸ್ಪತ್ರೆಯಿಂದ ಬಂದವರಿಗೆ ಇದೇ ಬೇಕಿತ್ತಾ?" ಅಂದಳು.

ಮೊದಲ ವಾರ ನನಗೂ ಹಾಗೇ ಅನ್ನಿಸಿತು. ಇಪ್ಪತ್ತು ನಿಮಿಷದ ಹಾಡು, ಅದರಲ್ಲಿ ಹದಿನೈದು ನಿಮಿಷ ಎಲ್ಲಿಗೆ ಹೋಗ್ತಿದ್ದಾರೆ ಅಂತ ಅವರಿಗೇ ಗೊತ್ತಿದ್ದ ಹಾಗಿಲ್ಲ. 1965ರಲ್ಲಿ ಇಲ್ಲೇ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಶುರುವಾದ ಗುಂಪು, ಎಲ್‌ಎಸ್‌ಡಿ ಪಾರ್ಟಿಗಳಲ್ಲಿ ನುಡಿಸಿ ಬೆಳೆದದ್ದು. ಅಮಲಿನವರ ಗಲಾಟೆ ಅಂತ ನಾನೂ ತೀರ್ಮಾನ ಮಾಡಿದ್ದೆ. ಆಮೇಲೆ ಒಂದು ರಾತ್ರಿ ನಿದ್ದೆ ಬಾರದೆ ಕೇಳುತ್ತಿದ್ದಾಗ ಕಿವಿ ನಿಂತಿತು. ಲೆಕ್ಕ ಹಾಕಿದೆ. ಹನ್ನೊಂದು! ತಕಿಟ ತಕಿಟ ತಕಿಟ ತಕ, ಮತ್ತೆ ತಕಿಟ ತಕಿಟ ತಕಿಟ ತಕ. ರಾಕ್ ಬ್ಯಾಂಡಿನವರು 1968ರಲ್ಲೇ 11 ಎಣಿಕೆಯಲ್ಲಿ ನುಡಿಸುತ್ತಿದ್ದರು. ಬೆಳಿಗ್ಗೆ ಅಜ್ಜನನ್ನು ಕೇಳಿದರೆ ನಕ್ಕರು. ಬ್ಯಾಂಡಿನ ಡ್ರಮ್ಮರ್ ಮಿಕ್ಕಿ ಹಾರ್ಟ್‌ಗೆ ತಬಲದ ಅಲ್ಲಾ ರಖಾ ಅವರ ಪ್ರಭಾವ ಇತ್ತಂತೆ. ಆಗ ನೆನಪಾಯಿತು. ಇದೇ ಹಾರ್ಟ್ ಅಲ್ವಾ ಆಮೇಲೆ ಝಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಜೊತೆ 1991ರಲ್ಲಿ ಪ್ಲಾನೆಟ್ ಡ್ರಮ್ ಮಾಡಿದ್ದು? ಆ ಆಲ್ಬಮ್ ನಾನು ಕೇಳಿದ್ದೆ, ವಿಕ್ಕು ಅವರಿಗಾಗಿ. ಈ ಮನುಷ್ಯನ ಕಡೆ ಗಮನ ಕೊಟ್ಟಿರಲಿಲ್ಲ.

ಅವತ್ತಿಂದ ಅದೇ ನನ್ನ ಥೆರಪಿ. ಕೈಗೆ ಹಿಸುಕಲು ಜೇಡಿಮಣ್ಣಿನಂಥದ್ದು ಒಂದು ಕೊಟ್ಟಿದ್ದರು. ಹೆಂಡತಿ ಅದನ್ನು ಬದಿಗಿಟ್ಟು ಚಪಾತಿ ಹಿಟ್ಟು ಕೊಟ್ಟಳು, ಕೆಲಸವಾದರೂ ಆಗಲಿ ಅಂತ. ಹಿಟ್ಟು ನಾದುತ್ತಾ ಬಾಯಲ್ಲಿ ಹನ್ನೊಂದು ಹೇಳೋದು. ಮೃದಂಗದ ಮುಂದೆ ಕೂರೋಕೆ ಧೈರ್ಯ ಬಂದದ್ದು ಏಪ್ರಿಲ್‌ನಲ್ಲಿ. "ನಂ" ಅನ್ನಿಸಬೇಕಾದರೆ ಉಂಗುರದ ಬೆರಳು ನಡುವಿನ ಕಪ್ಪಿನ ಅಂಚಿನಲ್ಲಿ ಹಗುರಾಗಿ ನಿಲ್ಲಬೇಕು, ತೋರುಬೆರಳು ಹೊರಗಿನ ಅಂಚಿಗೆ ಬೀಳಬೇಕು. ನನ್ನ ಉಂಗುರದ ಬೆರಳು ರಾಗಿಮುದ್ದೆ ಥರ ದೊಪ್ಪನೆ ಬೀಳುತ್ತಿತ್ತು. ನಾದ ಅಲ್ಲೇ ಸತ್ತುಹೋಗೋದು. ಮೂವತ್ತು ವರ್ಷ ನುಡಿಸಿದ ಕೈ ಅದು. ಅವತ್ತು ಅತ್ತೆ.

ಜೆರ್ರಿ ಗಾರ್ಸಿಯಾ ಕತೆ ಅಜ್ಜ ಹೇಳಿದ್ದು ಆಗ. ಬ್ಯಾಂಡಿನ ಗಿಟಾರಿಸ್ಟ್. ಸಣ್ಣವನಿದ್ದಾಗ ಸೌದೆ ಒಡೆಯುವಾಗ ಅಣ್ಣನ ಕೊಡಲಿ ತಾಗಿ ಬಲಗೈ ನಡುಬೆರಳಿನ ಬಹುಭಾಗವೇ ಹೋಗಿತ್ತು. ಆ ಕೈಯಲ್ಲೇ ಗಿಟಾರ್ ಕಲಿತವರು. 1986ರ ಜುಲೈಯಲ್ಲಿ ಶುಗರ್ ಜಾಸ್ತಿಯಾಗಿ ಕೋಮಾಗೆ ಹೋದರು. ಎಚ್ಚರವಾದಾಗ ನುಡಿಸೋದೇ ಮರೆತಂತಾಗಿತ್ತು. ಕೀಬೋರ್ಡ್ ನುಡಿಸುವ ಗೆಳೆಯ ಮರ್ಲ್ ಸಾಂಡರ್ಸ್ ಪಕ್ಕದಲ್ಲಿ ಕೂತು ಮತ್ತೆ ಕಲಿಸಿದರು. ಡಿಸೆಂಬರ್ 15ಕ್ಕೆ ಓಕ್ಲೆಂಡ್‌ನಲ್ಲಿ ವೇದಿಕೆ ಹತ್ತಿದರು. ಅವತ್ತು ಮೊದಲು ಹಾಡಿದ್ದು, ಹೇಗೋ ದಾಟಿಕೊಳ್ತೀನಿ ಅನ್ನೋ ಅರ್ಥದ ಹಾಡು. ಮುಂದಿನ ವರ್ಷ ಅದೇ ಅಮೆರಿಕದ ಟಾಪ್ 10 ಸೇರಿತು. ಬ್ಯಾಂಡಿಗೆ 22 ವರ್ಷ ಆದ ಮೇಲೆ, ಮೊದಲ ಮತ್ತು ಕೊನೆಯ ಸಲ. ನನ್ನದೂ ಶುಗರಿನದೇ ಕಾಟ. ಗಾರ್ಸಿಯಾ 1995ರಲ್ಲಿ, 53 ವರ್ಷಕ್ಕೇ ಹೋದರು ಅನ್ನೋದನ್ನು ಮಾತ್ರ ಅಜ್ಜ ಆವಾಗ ಹೇಳಲಿಲ್ಲ. ಅದಕ್ಕೂ ಥ್ಯಾಂಕ್ಸ್.

ನನಗೆ ತುಂಬಾ ಹಿಡಿಸಿದ್ದು ಇವರು ಎಡವುವ ರೀತಿ. 1969ರ ವುಡ್‌ಸ್ಟಾಕ್, ಅಷ್ಟು ದೊಡ್ಡ ಉತ್ಸವ. ಅವತ್ತು ವೇದಿಕೆ ಒದ್ದೆ, ಗಿಟಾರ್ ಮುಟ್ಟಿದರೆ ಶಾಕ್. ಕೆಟ್ಟದಾಗಿ ನುಡಿಸಿದೆವು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಎಲ್ಲರೂ ಕೊಂಡಾಡುವ ಕಛೇರಿ ಯಾವುದು ಗೊತ್ತಾ? 1977ರ ಮೇ 8, ಕಾರ್ನೆಲ್ ಯೂನಿವರ್ಸಿಟಿಯ ಬಾರ್ಟನ್ ಹಾಲ್. ಹುಡುಗರು ಆಟ ಆಡೋ ಜಾಗ. ಹೊರಗೆ ಮೇ ತಿಂಗಳಲ್ಲೂ ಹಿಮ ಬೀಳುತ್ತಿತ್ತು. 30 ವರ್ಷದಲ್ಲಿ 2,300ಕ್ಕೂ ಹೆಚ್ಚು ಕಛೇರಿ ಮಾಡಿದವರು. ಇವತ್ತು ಕೆಟ್ಟರೆ ನಾಳೆ ಇನ್ನೊಂದು ಊರು. ಗಾರ್ಸಿಯಾ ಸಾಲು ಮರೆಯೋದು ಮಾಮೂಲಿ, ಜನ ಹಾಡಿ ಮುಂದುವರಿಸೋರು. ನಮ್ಮ ಭಜನೆ ಮನೆಯಲ್ಲೂ ಹಾಗೇ ಅಲ್ವಾ?

ಇದೆಲ್ಲ ಉಳಿದಿರೋದು ರೆಕಾರ್ಡ್ ಮಾಡಿಕೊಂಡ ಜನರಿಂದ. ಬ್ಯಾಂಡು ಬೇಡ ಅನ್ನಲಿಲ್ಲ. 1984ರಿಂದ ಅವರಿಗೆ ಬೇರೆ ಜಾಗವನ್ನೇ ಬಿಟ್ಟುಕೊಟ್ಟಿತು. ಮಾರಬಾರದು, ಅಷ್ಟೇ. ಖಾಲಿ ಕ್ಯಾಸೆಟ್ಟೂ ಅಂಚೆ ಖರ್ಚೂ ಕಳಿಸಿದರೆ ಯಾರೋ ಗುರುತಿಲ್ಲದವರು ಪ್ರತಿ ಮಾಡಿ ಕಳಿಸೋರು. ಅಜ್ಜ ಅಂಥವರಲ್ಲಿ ಒಬ್ಬರು.

ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕ್‌ನಲ್ಲಿ 60ನೇ ವರ್ಷದ ಕಛೇರಿ ನಡೆಯಿತು. ಉಳಿದವರು ಸೇರಿ ಕಟ್ಟಿದ ಡೆಡ್ ಆಂಡ್ ಕಂಪನಿಯದು. ಅಜ್ಜನ ಕೈಯಲ್ಲೂ ಕೋಲು, ನನ್ನ ಕೈಯಲ್ಲೂ ಕೋಲು. ಸ್ವೆಟರ್ ಹಾಕಿಕೊಂಡು ಮಂಜಿನಲ್ಲಿ ಕೂತು ನೋಡಿದೆವು. 81 ವರ್ಷದ ಮಿಕ್ಕಿ ಹಾರ್ಟ್ ಬಾರಿಸುತ್ತಿದ್ದರು. ದೂರಕ್ಕೆ ಅವರ ಕೈ ಕಾಣಿಸಲಿಲ್ಲ. ನನ್ನ ಬೆರಳು ತೊಡೆ ಮೇಲೆ ತಾನಾಗಿ ಎಣಿಸುತ್ತಿತ್ತು.

ಭಾನುವಾರ ಅಜ್ಜ ಮುಂದಿನ ಸಾಲಿನಲ್ಲಿ ಕೂತು ರೆಕಾರ್ಡ್ ಮಾಡಿಕೊಂಡರು. ಮರುದಿನ ಕ್ಯಾಸೆಟ್ ತಂದುಕೊಟ್ಟರು, ತಾರೀಖು, ಜಾಗ ಎಲ್ಲ ನೀಟಾಗಿ ಬರೆದು. ಎರಡನೇ ಚರಣದಲ್ಲಿ ಕೈ ತಪ್ಪಿದ್ದು ಚೆನ್ನಾಗಿಯೇ ಕೇಳಿಸುತ್ತದೆ. ಪ್ರತಿ ಬೇಕಾದವರು ಹೇಳಿ, ಮಾಡಿಕೊಡ್ತೀನಿ. ದುಡ್ಡು ಬೇಡ. ಮಾರಬೇಡಿ, ಅಷ್ಟೇ.